ಲ್ಯಾಮಿನೇಷನ್ ಮಾಡಿದ ತಾಯಿ ಕಾರ್ಡ್

ಕಮಲಾಪುರದಲ್ಲಿ ತಹಸೀಲ ಕಚೇರಿಯ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಒಂದು ಝೆರಾಕ್ಸ್ ಮಷೀನು, ಒಂದು ಕಂಪ್ಯೂಟರು, ಒಂದು ಲ್ಯಾಮಿನೇಷನ್ ಮಷೀನು. ಲ್ಯಾಮಿನೇಷನ್ ಮಷೀನಿನ ಗುಂಡಿ ಒತ್ತಿದರೆ ಮೊದಲು ಕೆಂಪು ದೀಪ ಹತ್ತುತ್ತದೆ. ಬಿಸಿಯಾಗಿ ಹಸಿರು ದೀಪ ಬರಲು ನಾಲ್ಕು ನಿಮಿಷ ಬೇಕು. ಆಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಕಾಗದ ಇಟ್ಟು ಒಂದು ಬದಿಯಿಂದ ತೂರಿಸಿದರೆ ಇನ್ನೊಂದು ಬದಿಯಿಂದ ಬೆಚ್ಚಗೆ, ಗಟ್ಟಿಯಾಗಿ ಹೊರಗೆ ಬರುತ್ತದೆ. ಹಾಗೆ ಬಂದ ಕಾಗದ ನೆನೆಯುವುದಿಲ್ಲ, ಹರಿಯುವುದಿಲ್ಲ, ಮಡಿಕೆ ಬೀಳುವುದಿಲ್ಲ. ಅದರ ಮೇಲೆ ಮುಂದೆ ಏನೂ ಬರೆಯಲೂ ಆಗುವುದಿಲ್ಲ. ಈ ಕೊನೆಯ ಮಾತನ್ನು ನಾನು ಹನ್ನೊಂದು ವರ್ಷದಲ್ಲಿ ಯಾವ ಗಿರಾಕಿಗೂ ಹೇಳಿರಲಿಲ್ಲ. ಆಧಾರ್ ಕಾರ್ಡಿನ ಮೇಲೆ, ಜಾತಿ ಪ್ರಮಾಣಪತ್ರದ ಮೇಲೆ ಯಾರು ಏನು ಬರೆಯಬೇಕಾಗಿದೆ?

ನನ್ನ ತಂಗಿಯನ್ನು ಕಲಬುರಗಿಗೆ ಕೊಟ್ಟಿದ್ದೆವು. ಅವಳ ಗಂಡ ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುತ್ತಾನೆ. ಮನೆ ಕೋಟೆಯ ಹಿಂಭಾಗದ ಓಣಿಯಲ್ಲಿ. ಆ ಮನೆಯಿಂದ ಆಟೋ ಹಿಡಿದರೆ ಹತ್ತು ನಿಮಿಷದಲ್ಲಿ ಮೂರು ದೊಡ್ಡ ಆಸ್ಪತ್ರೆಗಳು ಸಿಗುತ್ತವೆ. ಆದರೆ ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಆಸ್ಪತ್ರೆಗಳಿದ್ದ ಊರಿನಿಂದ ಅವಳನ್ನು ನಮ್ಮ ಊರಿಗೆ ಕರೆದುಕೊಂಡು ಬಂದೆವು. ಇದರಲ್ಲಿ ವಿಚಿತ್ರವೇನೂ ನಮಗೆ ಕಾಣಲಿಲ್ಲ. ಎರಡೂ ಮನೆಯವರು ಬಹಳ ಸಂತೋಷದಿಂದ ಮಾಡಿದ ಕೆಲಸ ಅದು.

ಅವಳ ಬ್ಯಾಗಿನಲ್ಲಿ ತಾಯಿ ಕಾರ್ಡ್ ಇತ್ತು. ಬಸುರಿಯರಿಗೆ ಸರ್ಕಾರದವರು ಕೊಡುವ ದಪ್ಪ ಕಾಗದದ ಕಾರ್ಡ್, ನಡುವೆ ಒಂದು ಮಡಿಕೆ. ಹೊರಗಡೆ ಹೆಸರು, ಫೋಟೊ, ನಂಬರು. ಒಳಗಡೆ ಗೆರೆ ಎಳೆದ ಎರಡು ಪುಟ. ಪ್ರತಿ ಸಲ ತೋರಿಸಲು ಹೋದಾಗ ತೂಕ, ಬಿಪಿ, ರಕ್ತ, ಮೂತ್ರ ಇವನ್ನೆಲ್ಲ ನರ್ಸು ಅಲ್ಲಿ ಬರೆಯುತ್ತಾಳೆ. ತಂಗಿಯ ಕಾರ್ಡಿನ ಮಡಿಕೆ ಅರ್ಧ ಹರಿದಿತ್ತು, ಮೂಲೆಯಲ್ಲಿ ಎಣ್ಣೆ ಬಿದ್ದಿತ್ತು. ನನಗೆ ಕಾಗದ ಹಾಳಾಗುವುದನ್ನು ನೋಡಲಾಗದು. ಮರುದಿನ ಅಂಗಡಿಗೆ ಒಯ್ದೆ. ಬಿಡಿಸಿಟ್ಟರೆ ನನ್ನ ಬಳಿ ಇದ್ದ ಕವರಿಗೆ ಹಿಡಿಯುತ್ತಿರಲಿಲ್ಲ. ಮಡಿಸಿದರೆ ಸರಿಯಾಗಿ ಕೂರುತ್ತಿತ್ತು. ಕಚೇರಿಯವರು ನೋಡುವುದು ಫೋಟೊ ಮತ್ತು ನಂಬರು ಎಂದು ನನ್ನ ಲೆಕ್ಕ. ಅದು ಹೊರಗೆ ಕಾಣುವ ಹಾಗೆ ಮಡಿಸಿ, ಹಸಿರು ದೀಪ ಬರುವವರೆಗೆ ಕಾದು, ತೂರಿಸಿದೆ. ಒಳಗಿನ ಎರಡು ಪುಟ ಒಳಗೇ ಉಳಿದವು.

ಮನೆಯಲ್ಲಿ ಅವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಈಗ ನೋಡು, ಬ್ಯಾಂಕಿನ ಕಾಗದ ಆದಂಗಾತು" ಎಂದು ದೇವರ ಗೂಡಿನಲ್ಲಿ ಇಟ್ಟಳು.

ಎಂಟನೇ ತಿಂಗಳು ಹನ್ನೆರಡು ದಿನ ಕಳೆದಿರಬೇಕು. ತಂಗಿ ಊರಿನ ಆರೋಗ್ಯ ಉಪಕೇಂದ್ರಕ್ಕೆ ತೋರಿಸಿಕೊಂಡು ಬರಲು ಅವ್ವನ ಜೊತೆ ಹೋದಳು. ವಾಪಸು ಬರುವಾಗ ಇಬ್ಬರೂ ಅಂಗಡಿಗೆ ಬಂದರು. ತಂಗಿಯ ಪಾದ ಊದಿ ಅವಳ ಚಪ್ಪಲಿ ಹಿಡಿಯುತ್ತಿರಲಿಲ್ಲ, ನನ್ನ ಹಳೆಯ ಚಪ್ಪಲಿ ಹಾಕಿಕೊಂಡಿದ್ದಳು. ಸ್ಟೂಲಿನ ಮೇಲೆ ಕುಳಿತು, ಅಲ್ಲಿಯ ನರ್ಸಕ್ಕನ ಧ್ವನಿ ತೆಗೆದು ಆಡಿ ತೋರಿಸಿದಳು.

"'ಇದ್ಯಾರವ್ವ ಜಾಣರು ಮಾಡಿದ್ದು? ಇದನ್ನ ತೆರೀಲಾಕೂ ಬರಂಗಿಲ್ಲ, ಇದರ ಮ್ಯಾಲ ಬರೀಲಾಕೂ ಬರಂಗಿಲ್ಲ. ಈಗ ನಾ ನಿನ್ನ ಬಿಪಿ ಎಲ್ಲಿ ಬರೀಲಿ, ನನ್ನ ಹಣಿ ಮ್ಯಾಲ ಬರ್ಕೊಳ್ಳೇನು?' ಅಂದಳು. ನಮ್ಮಕ್ಕ ಅಂತ ನಿನ್ನ ಹೆಸರು ಹೇಳೀನಿ ನೋಡು" ಎಂದು ನಕ್ಕಳು.

ನರ್ಸಕ್ಕ ಕೊನೆಗೆ ಕೆಂಪು ಮಾರ್ಕರ್ ಪೆನ್ನಿನಿಂದ ಪ್ಲಾಸ್ಟಿಕ್ಕಿನ ಮೇಲೆಯೇ ಬರೆದುಕೊಟ್ಟಿದ್ದಳು. ನಾನು ಅದನ್ನು ಓದಿದೆ. 148/98. ಕೆಳಗೆ ಇನ್ನೊಂದು ಸಾಲು, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಪದ, ಸುತ್ತಲೂ ಗುಂಡು ಗೆರೆ.

"ಇದೇನು?" ಎಂದೆ.

"ಬಿಪಿ ಜಾಸ್ತಿ ಅದ ಅಂತ. ಕಲಬುರಗಿಗಿ ಹೋಗಿ ದೊಡ್ಡ ದವಾಖಾನಿಗಿ ತೋರ್ಸು ಅಂದಾಳ."

ಅವ್ವ ಅಲ್ಲೇ ಇದ್ದಳು. "ಎಂಟರಾಗ ಊರು ದಾಟಿಸಬಾರದು. ಒಂಬತ್ತರಾಗ ಬೀಳಲಿ, ಹೋಗಮು. ಇನ್ನ ಹದಿನೆಂಟು ದಿನ ಅದ ಅಷ್ಟೇ. ಬಸುರೀಗಿ ಕಾಲು ಊದೂದು ಇರೂದೇ" ಎಂದಳು.

ಆ ವಾರ ತಹಸೀಲ ಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವ ಕೊನೆಯ ದಿನಗಳು. ಅಂಗಡಿಯ ಮುಂದೆ ಸಾಲು ಇತ್ತು. ನಾನು ಮಾಡಿದ್ದು ಇಷ್ಟು. ಕೆಂಪು ಬಣ್ಣ ಅವ್ವನ ಬೆರಳಿಗೆ ಹತ್ತಿತ್ತು, ಜೊತೆಗಿದ್ದ ರೇಷನ್ ಕಾರ್ಡಿಗೂ ಹತ್ತಿತ್ತು. ಲ್ಯಾಮಿನೇಷನ್ ಮಾಡಿದ ಕಾರ್ಡಿನ ಮೇಲೆ ಬೆರಳಿನ ಗುರುತು ಬಿದ್ದರೆ ಒರೆಸಲು ನಾನು ಒಂದು ಬಾಟಲಿಯಲ್ಲಿ ಸ್ಪಿರಿಟ್ ಇಟ್ಟಿರುತ್ತೇನೆ. ಬಟ್ಟೆಯ ಚೂರಿಗೆ ಹಚ್ಚಿಕೊಂಡು ಎರಡು ಸಲ ಒರೆಸಿದೆ. ಕಾರ್ಡ್ ಮತ್ತೆ ಹೊಳೆಯಿತು. ದಿನಕ್ಕೆ ಇಪ್ಪತ್ತು ಜನರಿಗೆ ಒಂದು ಝೆರಾಕ್ಸ್ ತೆಗೆದಿಟ್ಟುಕೊಳ್ಳಿರಿ ಎಂದು ಹೇಳುವವಳು ನಾನು. ಮಷೀನು ನನ್ನ ಎಡಗೈಗೆ ಎರಡು ಅಡಿ ದೂರದಲ್ಲಿತ್ತು.

ಆ ಕೆಂಪು ಅಕ್ಷರ ದೇವರ ಗೂಡಿನಲ್ಲಿ ದಿನವೂ ಕಾಣುತ್ತಿದ್ದರೆ ಯಾರಾದರೂ ಕೇಳುತ್ತಿದ್ದರು. ನಾನೇ ಕೇಳುತ್ತಿದ್ದೆನೇನೋ. ಅಳಿಸಿದ ಮೇಲೆ ಆ ಮಾತೇ ಮನೆಯಿಂದ ಹೋಯಿತು. ತಂಗಿ ನಡುನಡುವೆ ತಲೆನೋವು ಎನ್ನುತ್ತಿದ್ದಳು. ಕಣ್ಣ ಮುಂದೆ ಚುಕ್ಕಿ ಹೊಳೆದ ಹಾಗಾಗುತ್ತದೆ ಎಂದು ಒಂದು ಸಲ ಹೇಳಿದಳು. ಬಿಸಿಲಿಗೆ ಇರಬೇಕು ಎಂದು ನಾವು ಮಜ್ಜಿಗೆ ಕೊಟ್ಟೆವು. ಅದರಲ್ಲಿ ಉಪ್ಪು ಹಾಕಿದ್ದೆವು.

ಕಾರ್ಡ್ ಒರೆಸಿದ ಒಂಬತ್ತನೆಯ ದಿನ, ಬೆಳಗಿನ ಹತ್ತೂವರೆಗೆ ಅವ್ವನ ಫೋನ್ ಬಂತು. ಅವಳು "ಬಾ" ಎಂದಷ್ಟೇ ಹೇಳಿದಳು. ಓಡಿ ಹೋದಾಗ ತಂಗಿ ಅಡುಗೆಮನೆಯ ನೆಲದ ಮೇಲಿದ್ದಳು. ಹಲ್ಲು ಕಚ್ಚಿಕೊಂಡಿದ್ದವು, ಕೈಕಾಲು ಎಳೆಯುತ್ತಿದ್ದವು, ಹಸಿರು ಬಳೆಗಳು ನೆಲಕ್ಕೆ ಬಡಿದು ನಾಲ್ಕೈದು ಒಡೆದಿದ್ದವು. ಅವ್ವ ಅವಳ ಮುಷ್ಟಿಯೊಳಗೆ ಮನೆಯ ಕಬ್ಬಿಣದ ಕೀಲಿಕೈ ತುರುಕಿ ಹಿಡಿದಿದ್ದಳು. ಮೂಗಿನ ಹತ್ತಿರ ಒಡೆದ ಉಳ್ಳಾಗಡ್ಡಿ ಇತ್ತು. ಪಕ್ಕದ ಮನೆಯವರ ಗಾಡಿಯಲ್ಲಿ ಹಾಕಿಕೊಂಡು ಆರೋಗ್ಯ ಕೇಂದ್ರಕ್ಕೆ ಒಯ್ದೆವು. ಅಲ್ಲಿಯ ಡಾಕ್ಟರು ಬಿಪಿ ನೋಡಿದರು. ಫಿಟ್ಸ್ ತಡೆಯುವ ಇಂಜೆಕ್ಷನ್ ಸೊಂಟದ ಎರಡೂ ಬದಿಗೆ ಚುಚ್ಚಿಸಿ, ಆಂಬುಲೆನ್ಸ್ ತರಿಸಿ, ಕಲಬುರಗಿಗೆ ಕಳಿಸಿದರು. ಎಂಟನೇ ತಿಂಗಳಿನಲ್ಲಿಯೇ ಊರು ದಾಟಿಸಿದೆವು.

ಆಂಬುಲೆನ್ಸಿನಲ್ಲಿ ಇದ್ದ ಸಹಾಯಕ ಕಾರ್ಡ್ ಕೇಳಿದ. ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿದ. ಅಂಚಿಗೆ ಉಗುರು ಹಾಕಿ ನೋಡಿದ.

"ಇದು ತೆರೆಯಂಗಿಲ್ಲೇನ್ರಿ?"

"ಇಲ್ರಿ."

"ಛಲೋ ಮಾಡೀರಿ" ಎಂದು ನನ್ನ ಕೈಗೆ ವಾಪಸು ಕೊಟ್ಟ.

ಕಪನೂರಿನ ಹತ್ತಿರ ಒಂದು ತೊಗರಿ ಲಾರಿ ಮಿಲ್ಲಿನ ಗೇಟಿನೊಳಗೆ ಹಿಂದಕ್ಕೆ ಹೋಗಲು ರಸ್ತೆಗೆ ಅಡ್ಡ ನಿಂತಿತ್ತು. ಸೈರನ್ ಕೂಗುತ್ತಲೇ ಇತ್ತು. ಲಾರಿಯ ಹಿಂದೆ ನಿಂತವನು ಕೈ ಬೀಸಿ, ಇನ್ನಷ್ಟು, ಇನ್ನಷ್ಟು ಎನ್ನುತ್ತಿದ್ದ. ತಂಗಿಗೆ ಎರಡನೆಯ ಸಲ ಫಿಟ್ಸ್ ಬಂದದ್ದು ಅಲ್ಲೇ. ಅವಳ ಗಂಡ ಕೆಲಸ ಮಾಡುವ ಮಿಲ್ಲು ಅಲ್ಲಿಂದ ಕಾಣುತ್ತದೆ.

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಒಂದು ಕಿಲೊ ಏಳುನೂರು ಗ್ರಾಂ. ಅದನ್ನು ಮಕ್ಕಳ ಘಟಕಕ್ಕೆ ಒಯ್ದರು, ತಂಗಿಯನ್ನು ಬಾಣಂತಿಯರ ಐಸಿಯುಗೆ ತಂದರು. ಅಲ್ಲಿ ಆರು ಮಂಚ. ಅವಳದು ನಾಲ್ಕನೆಯದು. ಕಣ್ಣು ತೆರೆದಿರಲಿಲ್ಲ. ಮುಖ ಎಷ್ಟು ಊದಿತ್ತೆಂದರೆ ಅವಳ ಅತ್ತೆ ಮೊದಲು ಎರಡನೆಯ ಮಂಚದ ಹತ್ತಿರ ಹೋಗಿ ನಿಂತಿದ್ದಳು.

ಒಳಗೆ ಹೋಗಲು ಒಬ್ಬರಿಗೇ ಪಾಸು. ಅದು ನನ್ನ ಬಳಿ ಇತ್ತು. ಅವ್ವ, ತಂಗಿಯ ಅತ್ತೆ, ತಂಗಿಯ ಗಂಡ ಬಾಗಿಲ ಹೊರಗಿನ ಬೆಂಚಿನ ಮೇಲೆ. ತಂಗಿಯ ಗಂಡ ಅಲ್ಲಿ ಕುಳಿತದ್ದೇ ಕಡಿಮೆ. ರಕ್ತ ತಾ ಎಂದರೆ ಹೋಗುತ್ತಿದ್ದ, ಚೀಟಿಗೆ ಸೀಲು ಹಾಕಿಸಿಕೊಂಡು ಬಾ ಎಂದರೆ ಹೋಗುತ್ತಿದ್ದ, ಸೀಲು ಹಾಕುವವನು ಊಟಕ್ಕೆ ಹೋಗಿದ್ದಾನೆ ಎಂದು ಬರುತ್ತಿದ್ದ, ಮತ್ತೆ ಹೋಗುತ್ತಿದ್ದ.

ಮರುದಿನ ಬೆಳಗಾಗುವವರೆಗೆ ನನ್ನನ್ನು ಏಳು ಜನ ಅವೇ ಪ್ರಶ್ನೆ ಕೇಳಿದರು. ಎಷ್ಟನೆಯ ಹೆರಿಗೆ, ಯಾವ ಊರು, ಬಿಪಿ ಯಾವಾಗಿನಿಂದ. ಪಾಳಿ ಬದಲಾದ ಹಾಗೆ ಹೊಸಬರು ಬರುತ್ತಿದ್ದರು, ಹೊಸ ಹಾಳೆ ತೆಗೆಯುತ್ತಿದ್ದರು. ಏಳು ಸಲವೂ ನಾನು ಕಾರ್ಡ್ ಕೊಟ್ಟೆ. ಏಳು ಜನವೂ ಅದನ್ನು ತಿರುಗಿಸಿ ನೋಡಿ, ತೆರೆಯಲು ಹೋಗಿ, ತೆರೆಯುವುದಿಲ್ಲ ಎಂದು ನಾನು ಹೇಳಿದ ಮೇಲೆ ವಾಪಸು ಕೊಟ್ಟರು. ಬಿಪಿ ಯಾವಾಗಿನಿಂದ ಎಂಬ ಪ್ರಶ್ನೆಗೆ ಏಳು ಸಲವೂ "ಗೊತ್ತಿಲ್ರಿ" ಎಂದೆ. ಗೊತ್ತಿತ್ತು. ಏಳು ಸಲವೂ ಗೊತ್ತಿತ್ತು.

ಮೂರನೆಯ ಮಂಚದಲ್ಲಿ ಮೋಮಿನಪುರದ ಒಬ್ಬಳು ಇದ್ದಳು, ಹೆರಿಗೆಯ ಮೇಲೆ ರಕ್ತ ನಿಲ್ಲದೆ ತಂದಿದ್ದರು. ಅವಳ ಅತ್ತೆ ನನ್ನ ಹಾಗೆಯೇ ಪಾಸು ಹಿಡಿದು ಕುಳಿತ ಮುದುಕಿ. ನನ್ನ ಕೈಯ ಕಾರ್ಡನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಅರೆ, ಮಸ್ತ್ ಅದ. ಎಲ್ಲಿ ಮಾಡ್ಸಿದಿ ಬೇಟಿ? ನಮ್ ಬಹೂದು ನೋಡು, ಪೂರಾ ಖರಾಬ್ ಆಗಿ ಹೋಗ್ಯಾದ."

ಅವಳ ಸೊಸೆಯ ಕಾರ್ಡ್ ಮಡಿಕೆಯಲ್ಲಿ ಎರಡಾಗಿ, ಟೇಪು ಹಚ್ಚಿದ್ದು, ಚಹಾದ ಕಲೆ ಬಿದ್ದದ್ದು. ಹತ್ತು ನಿಮಿಷದ ಹಿಂದೆ ಡಾಕ್ಟರು ಅದರ ಒಳಪುಟದ ಮೇಲೆ ಬೆರಳಿಟ್ಟು, ಮೇಲಿನಿಂದ ಕೆಳಗೆ ಜಾರಿಸುತ್ತ, ಒಂದು ನಿಮಿಷದಲ್ಲಿ ಎಂಟು ತಿಂಗಳನ್ನು ಓದಿ ಮುಗಿಸಿದ್ದನ್ನು ನಾನು ನೋಡಿದ್ದೆ. "ನಿಮ್ದೇ ಛಲೋ ಅದ ಅಮ್ಮಾ" ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವಳು ನನ್ನ ಭುಜಕ್ಕೆ ಒಂದು ಬಡಿದಳು.

ಮಂಚದ ಕೆಳಗೆ ಮೂತ್ರದ ಚೀಲ ತೂಗುತ್ತಿತ್ತು. ಗಂಟೆಗೊಮ್ಮೆ ಸಿಸ್ಟರ್ ಬಂದು ಬಗ್ಗಿ ನೋಡಿ, ಹಾಳೆಯ ಮೇಲೆ ಬರೆಯುತ್ತಿದ್ದಳು. ಆಮೇಲೆ ಸಣ್ಣ ಸುತ್ತಿಗೆಯಿಂದ ತಂಗಿಯ ಮಂಡಿಗೆ ತಟ್ಟುತ್ತಿದ್ದಳು, ಎದೆ ಏರಿಳಿಯುವುದನ್ನು ಗಡಿಯಾರ ನೋಡಿ ಎಣಿಸುತ್ತಿದ್ದಳು. ಬೆಳಗಿನ ಏಳಕ್ಕೆ ಹನ್ನೆರಡು ಎಂಎಲ್. ಎಂಟಕ್ಕೆ ಹತ್ತು. ಒಂಬತ್ತಕ್ಕೆ ಎಂಟು. ಎಷ್ಟು ಇರಬೇಕು ಎಂದು ಕೇಳಿದೆ. "ಕಡಿಮಿ ಅಂದ್ರ ಮೂವತ್ತರೇ ಬೇಕ್ರಿ" ಎಂದಳು.

ಹತ್ತು ಗಂಟೆಗೆ ದೊಡ್ಡ ಡಾಕ್ಟರು ಬಂದರು. ಹೆಂಗಸು, ನಲವತ್ತರ ಆಸುಪಾಸು, ಮೈಸೂರು ಕಡೆಯ ಮಾತು. ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಬಾಗಿಲ ಹತ್ತಿರ ಕರೆದರು. ಅವ್ವ ಮತ್ತು ಅತ್ತೆ ಎದ್ದು ಬಂದರು. ಡಾಕ್ಟರು ಮೂವರಿಗೂ ಕೇಳುವ ಹಾಗೆ ನಿಧಾನವಾಗಿ ಹೇಳಿದರು.

"ಫಿಟ್ಸ್ ತಡೆಯೋ ಔಷಧಿ ಮೂತ್ರದಲ್ಲೇ ಹೊರಗೆ ಹೋಗಬೇಕು. ಇವರಿಗೆ ಮೂತ್ರ ಬರ್ತಿಲ್ಲ. ಔಷಧಿ ಹೀಗೇ ಕೊಡ್ತಾ ಹೋದ್ರೆ ಒಳಗೇ ಸೇರ್ಕೊಂಡು ಉಸಿರು ನಿಲ್ಲಬಹುದು. ನಿಲ್ಲಿಸಿದ್ರೆ ಮತ್ತೆ ಫಿಟ್ಸ್ ಬರಬಹುದು. ನನಗೆ ಒಂದು ವಿಷಯ ಗೊತ್ತಾಗಬೇಕು. ಇವರ ಕಿಡ್ನಿ ಮೊದಲಿಂದಲೇ ಸರಿಯಿರಲಿಲ್ವಾ, ಇಲ್ಲ ಈ ಬಿಪಿಯಿಂದ ಈಗ ಹೀಗಾಯ್ತಾ? ಮೊದಲಿಂದ ಅಂದ್ರೆ ಈಗಲೇ ಡಯಾಲಿಸಿಸ್ ಕಡೆ ಕಳಿಸ್ತೀನಿ. ಈಗಿನದು ಅಂದ್ರೆ ಔಷಧಿ ಕಡಿಮೆ ಮಾಡಿ ಸಂಜೆವರೆಗೆ ಇಲ್ಲೇ ಕಾಯ್ತೀನಿ. ಈ ಸ್ಥಿತಿಯಲ್ಲಿ ಅವರನ್ನ ಮಂಚದಿಂದ ಎತ್ತೋದೇ ನನಗೆ ಇಷ್ಟ ಇಲ್ಲ. ತಾಯಿ ಕಾರ್ಡ್ ಎಲ್ಲಿ?"

ಕೊಟ್ಟೆ. ಅವರೂ ತಿರುಗಿಸಿದರು.

"ಒಳಗಿನ ಪುಟ?"

"ಒಳಗೇ ಅದಾವ್ರಿ."

"ಯಾರು ಮಾಡಿದ್ದು ಇದು?"

"ನಾನೇ ರೀ. ನಂದು ಲ್ಯಾಮಿನೇಷನ್ ಅಂಗಡಿ ಅದ."

ಅವರು ಬಯ್ಯಲಿಲ್ಲ. ನಾನು ಸಿಸ್ಟರ್ ಹತ್ತಿರ ಕತ್ತರಿ ಕೇಳಿದೆ. ಪ್ಲಾಸ್ಟಿಕ್ಕಿನ ಅಂಟು ಇರುವುದು ಹೊರಮುಖಕ್ಕೆ ಮಾತ್ರ. ಒಳಗೆ ಎದುರುಬದುರಾದ ಎರಡು ಪುಟಗಳಿಗೆ ಅಂಟು ತಾಗಿರುವುದಿಲ್ಲ. ಮಡಿಕೆಯ ಬದಿ ಬಿಟ್ಟು ಉಳಿದ ಮೂರು ಅಂಚನ್ನು ಕಾಗದದ ಅಂಚಿಗಿಂತ ಕೂದಲೆಳೆಯಷ್ಟು ಒಳಗೆ ಕತ್ತರಿಸಿದರೆ ಪುಸ್ತಕದ ಹಾಗೆ ತೆರೆಯುತ್ತದೆ. ಇದು ನನಗೆ ಮೊದಲ ಸಲ ಕೇಳಿದಾಗಲೇ ಗೊತ್ತಿತ್ತು. ಆದರೂ ಏಳು ಜನಕ್ಕೂ ತೆರೆಯುವುದಿಲ್ಲ ಎಂದೇ ಹೇಳಿದ್ದೆ. ಯಾಕೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ನನ್ನ ಕೈಕೆಲಸವನ್ನು ನಾನೇ ಕತ್ತರಿಸಲು ಮನಸ್ಸಾಗಲಿಲ್ಲವೋ, ಕತ್ತರಿಸಿದರೆ ಖಾಲಿ ಸಾಲು ಕಾಣುತ್ತದೆ ಎಂಬ ಹೆದರಿಕೆಯೋ.

ಕತ್ತರಿ ಬ್ಯಾಂಡೇಜ್ ಕತ್ತರಿಸುವುದು, ಮೊಂಡಾಗಿತ್ತು. ಮೂರು ಅಂಚಿಗೆ ನಾಲ್ಕೈದು ನಿಮಿಷ ಹಿಡಿಯಿತು. ಕಾರ್ಡ್ ತೆರೆಯಿತು. ಮೂರನೆಯ ತಿಂಗಳು, ಐದನೆಯದು, ಏಳನೆಯದು. ಬಿಪಿ 110/70, 110/70, 120/80. ಮೂತ್ರದಲ್ಲಿ ಪ್ರೋಟೀನ್ ಮೂರು ಸಲವೂ ಇಲ್ಲ. ಡಾಕ್ಟರ ಬೆರಳು ಅಲ್ಲಿಯವರೆಗೆ ಜಾರಿ ನಿಂತಿತು. ಅದರ ಕೆಳಗಿನ ಸಾಲುಗಳು ಖಾಲಿ.

ತಂಗಿಯ ಅತ್ತೆ ಬಗ್ಗಿ ನೋಡಿದಳು. "ನೋಡ್ರಿ ಬೀಗ್ತ್ಯಾರ, ನಮ್ಮ ಮನ್ಯಾಗ ಇರೂತನಕ ಎಲ್ಲಾ ಬರೋಬರಿ ಅದ. ಮನಿ ಬಾಜೂಕೇ ದೊಡ್ಡ ದವಾಖಾನಿ ಇಟ್ಕೊಂಡು, ಪದ್ಧತಿ ಅಂತ ನಿಮ್ಮೂರಿಗಿ ಕಳಸಿದ್ವಿ. ನಿಮ್ಮೂರಾಗ ನರ್ಸು ಇಲ್ಲೇನು? ಒಂದು ದಿನಾನೂ ನೋಡಿಲ್ಲ ಆಕಿ. ಆಕೀ ಮ್ಯಾಲ ಅರ್ಜಿ ಬರಸ್ತೀನಿ ನಾ, ಬಿಡಂಗಿಲ್ಲ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, "ನೋಡ್ಯಾಳ್ರಿ, ನೋಡಿಲ್ಲ ಅಂತಿಲ್ಲ" ಎಂದಳು.

"ನೋಡಿದ್ರ ಬರದದ್ದೆಲ್ಲಿ? ಇಲ್ಲಿ ಏನದ? ಖಾಲಿ ಅದ."

ಡಾಕ್ಟರು ಕೈ ಎತ್ತಿ ಇಬ್ಬರನ್ನೂ ತಡೆದರು. "ಏಳನೇ ತಿಂಗಳವರೆಗೆ ಸರಿ ಇದೆ. ಆಮೇಲಿನ ಒಂದು ತಿಂಗಳು ಪೂರ್ತಿ ಖಾಲಿ. ಯಾರಾದ್ರೂ ಒಂದು ಸಲ ನೋಡಿದ್ರಾ ಇಲ್ವಾ?"

ಆಗ ಹೇಳಿದೆ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ನೋಡ್ಯಾರ್ರಿ. ಇವತ್ತಿಗಿ ಹತ್ತು ದಿನದ ಕೆಳಗ. ಪ್ಲಾಸ್ಟಿಕ್ ಮ್ಯಾಲ ಕೆಂಪು ಪೆನ್ನೀಲೆ ಬರದಿದ್ರು. ನೂರಾ ನಲವತ್ತೆಂಟು, ತೊಂಬತ್ತೆಂಟು. ಕಲಬುರಗಿಗಿ ಹೋಗ್ರಿ ಅಂತನೂ ಹೇಳಿದ್ರು. ಅದನ್ನ ನಾ ಒರಸಿದೆ. ಹೊಲಸು ಕಾಣ್ತದ ಅಂತ."

ಒಳಗೆ ಯಾವುದೋ ಮಂಚದ ಮಾನಿಟರು ಕೂಗುತ್ತಿತ್ತು, ಸಿಸ್ಟರ್ ಹೋಗಿ ನಿಲ್ಲಿಸಿದಳು. ತಂಗಿಯ ಅತ್ತೆ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಊರ ಮಂದಿ ಅರ್ಜಿ ಎಲ್ಲಾ ಓದಿ ಹೇಳಾಕಿ ನೀನು" ಎಂದಳು. ಅವಳ ಧ್ವನಿ ಏರಿರಲಿಲ್ಲ. ಅವ್ವ, "ಎಂಟರಾಗ ಬ್ಯಾಡ ಅಂದಾಕಿ ನಾ ಅದೀನ್ರಿ" ಎಂದಳು.

ಡಾಕ್ಟರಿಗೆ ಇದು ಯಾವುದೂ ಬೇಕಿರಲಿಲ್ಲ. "ಬಿಪಿ ಕೆಳಗೆ ಏನಿತ್ತು? ಮೂತ್ರದ್ದು ಬರೆದಿದ್ರಾ?"

ಇನ್ನೊಂದು ಸಾಲು ಇತ್ತು. ಅದು ಕಣ್ಣಿಗೆ ಕಟ್ಟಿದ ಹಾಗಿದೆ, ಕೆಂಪು, ಸ್ವಲ್ಪ ಓರೆ. ಆದರೆ ಏನೆಂದು ನೆನಪಾಗಲಿಲ್ಲ. ಬಟ್ಟೆಯ ಚೂರಿನ ಮೇಲೆ ಹರಡಿದ ಬಣ್ಣ ಮಾತ್ರ ನೆನಪಿತ್ತು. ಊರ ನರ್ಸಕ್ಕನಿಗೆ ಫೋನ್ ಹಚ್ಚಿದೆ. ಮೂರನೆಯ ಸಲಕ್ಕೆ ಎತ್ತಿದಳು. ಹಿಂದೆ ಮಕ್ಕಳು ಅಳುತ್ತಿದ್ದವು, ಲಸಿಕೆಯ ದಿನ ಇರಬೇಕು. ನಡೆದದ್ದನ್ನು ಹೇಳಿದೆ.

"ಅಂಗಡಿ ಅಕ್ಕಾರ, ನೀವು ಒರಸಿದ್ರೇನು" ಎಂದಳು. "ನಿಮ್ಮ ಪ್ಲಾಸ್ಟಿಕ್ಕಿನ ಮ್ಯಾಲ ನನಗ ಭರೋಸ ಇರಲಿಲ್ರಿ. ನನ್ನ ರಿಜಿಸ್ಟರಿನ್ಯಾಗ ಬರಕೊಂಡೀನಿ. ಫೋನ್ ಇಡಬ್ಯಾಡ್ರಿ, ತೆಗೀತೀನಿ." ಪುಟ ಮಗುಚುವ ಸದ್ದು. ನಾನು ಫೋನನ್ನು ಡಾಕ್ಟರ ಕೈಗೆ ಕೊಟ್ಟೆ.

ಅವರು ಕೇಳಿಕೊಂಡು, ಅಂಗೈಯ ಮೇಲೆ ಪೆನ್ನಿನಿಂದ ಬರೆದುಕೊಂಡರು. 148/98. ಪ್ರೋಟೀನ್ ಎರಡು ಪ್ಲಸ್. ಮೇಲಿನ ಆಸ್ಪತ್ರೆಗೆ ಕಳಿಸಲಾಗಿದೆ. ತಾರೀಖು. "ಥ್ಯಾಂಕ್ಸ್ ಸಿಸ್ಟರ್, ನೀವು ಸರಿಯಾಗಿ ಮಾಡಿದೀರಿ" ಎಂದು ಫೋನ್ ಇಟ್ಟರು. ಆಮೇಲೆ ತಮ್ಮಷ್ಟಕ್ಕೆ ಲೆಕ್ಕ ಹಾಕಿ, "ಫಿಟ್ಸ್ ಬರೋಕೆ ಒಂಬತ್ತು ದಿನ ಮುಂಚೆ" ಎಂದರು.

ನನಗೆ ಹೇಳಿದ್ದಲ್ಲ ಅದು. ಹಾಳೆಯಲ್ಲಿ ಅದನ್ನೇ ಬರೆದರು. "ಹಾಗಾದ್ರೆ ಈ ಬಸಿರಿನಲ್ಲೇ ಶುರುವಾದದ್ದು. ಔಷಧಿ ಅರ್ಧ ಮಾಡೋಣ. ಗಂಟೆಗೊಮ್ಮೆ ಮಂಡಿ ತಟ್ಟಿ ನೋಡಿ, ಕಾಲು ಎಗರದಿದ್ರೆ ಔಷಧಿ ನಿಲ್ಲಿಸಿ. ಸಂಜೆವರೆಗೆ ಕಾಯ್ತೀನಿ" ಎಂದು ಸಿಸ್ಟರ್‌ಗೆ ಹೇಳಿ ಐದನೆಯ ಮಂಚಕ್ಕೆ ಹೋದರು. ನನಗೆ ಒಂದು ಮಾತು ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯಲು ಅವರಿಗೆ ಪುರುಸೊತ್ತಿರಲಿಲ್ಲ.

ಆ ದಿನದ ಉಳಿದದ್ದು ನನಗೆ ಅಂಕಿಗಳಲ್ಲಿ ಮಾತ್ರ ನೆನಪಿದೆ. ಹನ್ನೊಂದಕ್ಕೆ ಎಂಟು. ಹನ್ನೆರಡಕ್ಕೆ ಹತ್ತು. ಒಂದಕ್ಕೆ ಹತ್ತು. ಎರಡು ಗಂಟೆಗೆ ಪಾಳಿ ಬದಲಾಗಿ ಹೊಸ ಹುಡುಗಿ ಬಂದಳು, ಬರುತ್ತಲೇ, "ಎಷ್ಟನೇ ಹೆರಿಗೆ ರೀ? ಬಿಪಿ ಯಾವಾಗಿಂದ?" ಎಂದಳು. ನಾನು ತಾರೀಖಿನ ಸಮೇತ ಹೇಳಿದೆ. ಅವಳು, "ಕಾರ್ಡ್ ಎಲ್ಲಾ ಕತ್ತರಸೀರಲ್ಲ, ಹಿಂಗ್ಯಾಕ ಮಾಡೀರಿ, ಜೋಪಾನ ಇಟ್ಕೋಬೇಕಲ್ಲ" ಎಂದಳು. ಆಗ ನನಗೆ ಸಿಟ್ಟು ಬಂದು ನಗು ಬಂತು, ಆಮೇಲೆ ಎರಡೂ ಹೋದವು.

ಮೂರಕ್ಕೆ ಹದಿನೈದು. ನಾಲ್ಕಕ್ಕೆ ಇಪ್ಪತ್ತೆರಡು. ಐದು ಗಂಟೆಗೆ ಆ ಹುಡುಗಿ ಬಗ್ಗಿ ನೋಡಿ, ಮತ್ತೊಮ್ಮೆ ಬಗ್ಗಿ ನೋಡಿ, ಚೀಲವನ್ನು ಸ್ವಲ್ಪ ಎತ್ತಿ ಸರಿಮಾಡಿ ಓದಿದಳು. ಮೂವತ್ತೆಂಟು. ನಾನು ಹೊರಗೆ ಬಂದು ಅವ್ವನಿಗೆ, ತಂಗಿಯ ಅತ್ತೆಗೆ ಹೇಳಿದೆ. ಅತ್ತೆ ಬೆಂಚಿನ ಮೇಲೆ ತನ್ನ ಪಕ್ಕದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಕುಳಿತುಕೋ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾನು ಕುಳಿತೆ.

ತಂಗಿ ಮೂರನೆಯ ದಿನ ಕಣ್ಣು ಬಿಟ್ಟಳು. ಆರನೆಯ ದಿನ ಸಾದಾ ವಾರ್ಡಿಗೆ ಹಾಕಿದರು. ಮೂರನೆಯ ಮಂಚದವಳೂ ಅದೇ ವಾರ್ಡಿಗೆ ಬಂದಳು. ಅವಳ ಅತ್ತೆ ಮತ್ತೆ ನನ್ನನ್ನು ಕಂಡು, ಕಮಲಾಪುರಕ್ಕೆ ಯಾವ ಬಸ್ಸು ಬರುತ್ತದೆ, ಕಾರ್ಡ್ ತರುತ್ತೇನೆ ಎಂದಳು. ತರಬೇಡಿರಿ ಎಂದು ಕೈಮುಗಿದೆ. ನಾನು ಸೊಕ್ಕಿನವಳು ಎಂದು ಅವಳಿಗೆ ಅನ್ನಿಸಿರಬೇಕು.

ತಂಗಿಗೆ ಆ ದಿನಗಳ ನೆನಪಿಲ್ಲ. ಅಡುಗೆಮನೆಯ ನೆಲದಿಂದ ಒಮ್ಮೆಗೇ ಐಸಿಯುವಿನ ಬೆಳಕು, ನಡುವೆ ಏನೂ ಇಲ್ಲ. ಆದರೆ ಅದಕ್ಕಿಂತ ಮೊದಲಿನದೆಲ್ಲ ನೆನಪಿದೆ. ಮಗುವನ್ನೂ ಮಕ್ಕಳ ಘಟಕದಿಂದ ಬಿಡಿಸಿಕೊಂಡು ಊರಿಗೆ ಬಂದು ಹದಿನೈದು ದಿನದ ಮೇಲೆ, ಮಗುವನ್ನು ಎದೆಗೆ ಹಾಕಿಕೊಂಡು ಕುಳಿತಿದ್ದಾಗ ಕೇಳಿದಳು.

"ಅಕ್ಕಾ, ಕಾರ್ಡಿನ ಮ್ಯಾಲಿನ ಕೆಂಪು ಅಕ್ಷರ ಎಲ್ಲಿ ಹ್ವಾದವು?"

ಹೇಳಿದೆ. ಅವಳು ಮಗುವಿನ ಟೊಪ್ಪಿಗೆ ಸರಿಮಾಡಿದಳು.

"ನಾನೇ ಒರಸು ಅಂದಿದ್ದೆ ತೊಗೊ. ಕೈಗಿ ಹತ್ತಾಕತ್ತಿತ್ತಲ್ಲ."

ಅವಳು ಹಾಗೆ ಅಂದಿರಲಿಲ್ಲ. ಇದನ್ನು ನಾನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ. ಅವಳು ಸ್ಟೂಲಿನ ಮೇಲೆ ಕುಳಿತು ನರ್ಸಕ್ಕನ ಹಾಗೆ ಮಾತಾಡಿ ನಗುತ್ತಿದ್ದಳು. ಒರೆಸು ಎಂದು ಯಾರೂ ಹೇಳಿರಲಿಲ್ಲ.

ಆ ವಾರವೇ ನರ್ಸಕ್ಕ ಮನೆಗೆ ಬಂದು ಬಿಪಿ ನೋಡಿದಳು. ನನ್ನ ಕತ್ತರಿಸಿದ ಕಾರ್ಡನ್ನು ತೆರೆದು, ಖಾಲಿ ಸಾಲಿನಲ್ಲಿ ನೀಲಿ ಬಾಲ್‌ಪೆನ್ನಿನಿಂದ ಬರೆದಳು. 134/86. ಮಾತ್ರೆ ಮುಂದುವರಿಸಬೇಕು. "ಈಗ ಛಲೋ ಬರೀಲಾಕ ಬರ್ತದ ನೋಡ್ರಿ. ಮತ್ತ ಮಷೀನಿನ್ಯಾಗ ಹಾಕಬ್ಯಾಡ್ರಿ" ಎಂದಳು. ಹಾಕುವುದಿಲ್ಲ ಎಂದೆ.

ಯಾರ ತಾಯಿ ಕಾರ್ಡನ್ನೂ ನಾನು ಈಗ ಹಾಕುವುದಿಲ್ಲ. ಇದರಿಂದ ಆಗುವ ಜಗಳ ಹೇಳತೀರದು. ಒಂದು ಬದಿ ತೆರೆದ ಪ್ಲಾಸ್ಟಿಕ್ ಕವರು ತರಿಸಿಟ್ಟಿದ್ದೇನೆ, ಪುಕ್ಕಟೆ ಕೊಡುತ್ತೇನೆ. ಒಳ್ಳೆಯದಲ್ಲ ಎನ್ನುತ್ತಾರೆ. ನೀರು ಹೋಗುತ್ತದೆ ಎನ್ನುತ್ತಾರೆ. ಬರೆಯಲು ಬರಬೇಕು ಎಂದರೆ, ಬರೆಯುವವರು ಹೇಗಾದರೂ ಬರೆಯುತ್ತಾರೆ, ನಿಮಗೇಕೆ ಎನ್ನುತ್ತಾರೆ. ಹೋದ ವಾರ ಒಬ್ಬಳು ಮಗಳ ಕಾರ್ಡ್ ಹಿಡಿದು ಬಂದಳು. ಮಗಳು ಜೊತೆಗೇ ಇದ್ದಳು, ಕೈತುಂಬ ಹಸಿರು ಬಳೆ, ಕಲಬುರಗಿಯಿಂದ ಕರೆದುಕೊಂಡು ಬಂದು ಎರಡು ದಿನವಾಗಿತ್ತು. ನಾನು ತಂಗಿಯ ವಿಷಯವನ್ನೆಲ್ಲ ಹೇಳಿದೆ. ತಾಯಿ ಪೂರ್ತಿ ಕೇಳಿಸಿಕೊಂಡಳು. "ಅಯ್ಯ, ಎಂಥಾ ಕಷ್ಟ ಬಂತವ್ವ ನಿಮಗ" ಎಂದಳು. ಆಮೇಲೆ, "ಈಗ ಹಾಕಿ ಕೊಡ್ತೀರೋ ಇಲ್ಲೋ?" ಎಂದಳು.

"ಇಲ್ರಿ."

"ಬಿಡ್ರಿ, ಊರಾಗ ನಿಮ್ದೊಂದೇ ಮಷೀನ್ ಅದ ಏನು?"

ನಾಲ್ಕು ಅಂಗಡಿ ಆಚೆ ಇನ್ನೊಂದು ಇದೆ. ಅವರು ಅಲ್ಲಿಗೆ ಹೋಗುವುದನ್ನು ಕೌಂಟರಿನ ಹಿಂದೆ ನಿಂತು ನೋಡಿದೆ. ನನ್ನ ಮುಂದೆ ಮೂವರು ಗಿರಾಕಿಗಳು ಇದ್ದರು. ಒಬ್ಬನ ಪಹಣಿ ಅರ್ಧ ಪ್ರಿಂಟಾಗಿತ್ತು. ಅದನ್ನು ಹಾಗೇ ಬಿಟ್ಟು ಹೊರಟೆ.

ನಾನು ಹೋದಾಗ ಆ ಅಂಗಡಿಯವನು ಕಾರ್ಡನ್ನು ಮಡಿಸಿ ಕವರಿನೊಳಗೆ ಇಟ್ಟಿದ್ದ. ಫೋಟೊ ಮತ್ತು ನಂಬರು ಹೊರಗೆ ಕಾಣುವ ಹಾಗೆ, ಅಂಚಿಗೆ ಅಂಚು ಸರಿಯಾಗಿ. ಕೆಲಸ ಬಲ್ಲವನು. ಮಷೀನಿನ ದೀಪ ಇನ್ನೂ ಕೆಂಪಾಗಿಯೇ ಇತ್ತು.

"ಏನ್ರಿ ಅಕ್ಕಾರ, ನನ್ನ ಗಿರಾಕೀನೂ ತೊಗೊಂಡು ಹೋಗ್ಲಾಕ ಬಂದೀರೇನು?" ಎಂದ.

ನಾನು ಅವನ ಕೈಯಿಂದ ಕಾರ್ಡ್ ತೆಗೆದುಕೊಂಡೆ. ತಾಯಿ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಕಡೆ ನೋಡಲಿಲ್ಲ. ಕವರಿನಿಂದ ಹೊರಗೆಳೆದು, ಮಡಿಕೆ ಬಿಡಿಸಿ, ಒಳಪುಟವನ್ನು ಮಗಳ ಮುಂದೆ ಹಿಡಿದು, "ಕೊನೀ ಸಲ ಬಿಪಿ ಯಾವಾಗ ನೋಡ್ಯಾರವ್ವ?" ಎಂದು ಕೇಳಿದೆ. ಅವಳು ಬಗ್ಗಿ, ಬೆರಳಿಟ್ಟು, ಸಾಲು ಹುಡುಕತೊಡಗಿದಳು.